ರಾಡ್ ಎಂಡ್ ಬೇರಿಂಗ್: ಗ್ರೀಸ್ ಹಾಕುವುದೋ, ಪಿಟಿಎಫ್‌ಇ ಪದರದ್ದೋ?

ರಾಡ್ ಎಂಡ್ ಎಂದರೆ ಸರಳಿನ ತುದಿಗೆ ಥ್ರೆಡ್‌ನಿಂದ ಕೂರುವ, ಬೋಲ್ಟ್ ತೂರುವ ಗುಂಡು ಒಳಗಿರುವ ಬೇರಿಂಗ್. ಲಿಂಕೇಜ್‌ಗೆ (ಚಲನೆ ಸಾಗಿಸುವ ಸರಳುಗಳ ಜೋಡಣೆಗೆ) ಅದನ್ನು ಆರಿಸುವಾಗ, ಒಳಗಿನ ಗುಂಡು ಯಾವುದರ ಮೇಲೆ ಜಾರುತ್ತದೆ ಎಂಬುದನ್ನು ಮೊದಲು ನೋಡಬೇಕು. ಉಕ್ಕಿನ ಮೇಲೆ ಉಕ್ಕು ಜಾರುವ ಬಗೆಯು ದಿಕ್ಕು ಬದಲಿಸುವ ಭಾರವನ್ನೂ ಹೊಡೆತವನ್ನೂ ಚೆನ್ನಾಗಿ ತಾಳುತ್ತದೆ. ಆದರೆ ನಿಪ್ಪಲ್‌ಗೆ (ಗ್ರೀಸ್ ತುಂಬುವ ಬಾಯಿಗೆ) ಗ್ರೀಸ್ ಗನ್ ತಲುಪುವಷ್ಟು ಜಾಗವಿರಬೇಕು, ತಪ್ಪದೆ ಗ್ರೀಸ್ ಹಾಕುವವರೂ ಇರಬೇಕು. ಪಿಟಿಎಫ್‌ಇ (ಟೆಫ್ಲಾನ್ ಎಂದು ಹೆಸರಾದ ನುಣುಪು ಪ್ಲಾಸ್ಟಿಕ್) ಪದರವುಳ್ಳದ್ದಕ್ಕೆ ಗ್ರೀಸ್ ಬೇಡ, ಹೊಸದರಲ್ಲಿ ಸಡಿಲವೂ ಬಹುತೇಕ ಇರುವುದಿಲ್ಲವಾದ್ದರಿಂದ ರೇಸ್ ಕಾರಿನ ಸಸ್ಪೆನ್ಷನ್‌ಗೆ ಅದೇ ಸರಿ. ಆದರೆ ಮರಳು, ಕೆಸರು ಒಳಹೊಕ್ಕರೆ ಪದರ ಬೇಗ ಸವೆಯುತ್ತದೆ. ಸವೆದದ್ದನ್ನು ಗ್ರೀಸ್ ಹಾಕಿ ಉಳಿಸಲಾಗದು, ಬೇರಿಂಗನ್ನೇ ಬದಲಿಸಬೇಕು. ಹೊಲದ ಯಂತ್ರಕ್ಕಾದರೆ ನಾನು ಮೊದಲನೆಯದನ್ನೇ ಹೇಳುತ್ತೇನೆ. ಯಾವುದನ್ನೇ ಕೊಂಡರೂ, ಥ್ರೆಡ್ ಶುರುವಾಗುವ ಕೊರಳಿನ ಮೇಲೆ ಬಾಗಿಸುವ ಭಾರ ಬೀಳದಂತೆ ಜೋಡಿಸಿ. ಗುಂಡು ಕಳಚಿದರೂ ರಾಡ್ ಬಿಟ್ಟುಹೋಗದಂತೆ, ಗುಂಡು ಕೂರುವ ರಂಧ್ರಕ್ಕಿಂತ ಅಗಲವಾದ ವಾಷರನ್ನು ಬೋಲ್ಟ್‌ಗೆ ಹಾಕಿ.