ಉಪ್ಪುನೀರಿನಿಂದ ದ್ರಾವಕ ತೆಗೆಯುವ ಬಳಸಿದ ಸ್ಟ್ರಿಪ್ಪರ್: ಬೈಕಂಪಾಡಿಯಲ್ಲಿ ಓಡಿಸಿ ನೋಡಿದ ಮೇಲೆ

ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಸಣ್ಣ ಘಟಕಕ್ಕೆ, ಬಯಲುಸೀಮೆಯಲ್ಲಿ ಮುಚ್ಚಿಹೋದ ಔಷಧ ಕಾರ್ಖಾನೆಯೊಂದರ ಸ್ಟ್ರಿಪ್ಪರ್ ಕಾಲಮನ್ನು (ಉಗಿ ಹಾಯಿಸಿ ನೀರಿನಲ್ಲಿರುವ ದ್ರಾವಕಗಳನ್ನು ಆವಿಯಾಗಿಸಿ ತೆಗೆಯುವ ನಿಲುಗೊಳವೆ) ಹಳೆ ಯಂತ್ರಗಳ ವ್ಯಾಪಾರಿಯೊಬ್ಬರ ಮೂಲಕ ತರಿಸಿಕೊಂಡಿದ್ದೆವು. 350 ಮಿ.ಮೀ. ವ್ಯಾಸದ ಈ ಕಾಲಮ್ ಗಂಟೆಗೆ ಸುಮಾರು ಒಂದೂವರೆ ಟನ್ ಉಪ್ಪು ಬೆರೆತ ತ್ಯಾಜ್ಯನೀರಿನಿಂದ ಮೆಥನಾಲ್ ಮತ್ತು ಅಸಿಟೋನನ್ನು ಬೇರ್ಪಡಿಸುತ್ತದೆ. ಒಂದು ಬೇಸಿಗೆ, ಒಂದು ಮಳೆಗಾಲ ಓಡಿಸಿದ ಮೇಲೆ ಹೇಳುವುದಾದರೆ, ಕಾಲಮ್ ಕೊಟ್ಟ ಹಣಕ್ಕೆ ತಕ್ಕದ್ದಾಗಿದೆ. ಜೊತೆಗೆ ಬಂದ, ಆವಿಯನ್ನು ತಣಿಸಿ ದ್ರವವಾಗಿಸುವ ಕಂಡೆನ್ಸರ್ ಮಾತ್ರ ಕರಾವಳಿಗೆ ಒಗ್ಗುವಂಥದ್ದಲ್ಲ.

ಇಂಥ ನೀರನ್ನು ನೇರವಾಗಿ ಎಂಇಇಗೆ (ಹಲವು ಹಂತಗಳಲ್ಲಿ ನೀರನ್ನು ಆವಿ ಮಾಡುವ ಯಂತ್ರ) ಬಿಟ್ಟರೆ ಹಗುರ ದ್ರಾವಕಗಳು ಆವಿಯ ಜೊತೆ ಹೊರಟು ಕಂಡೆನ್ಸೇಟ್‌ಗೆ (ಆವಿ ತಣಿದು ಬರುವ ನೀರು) ಸೇರುತ್ತವೆ, ಸಿಒಡಿ (ನೀರಿನ ಮಾಲಿನ್ಯದ ಅಳತೆ) ಇಳಿಯುವುದಿಲ್ಲ. ಆದ್ದರಿಂದಲೇ ಸ್ಟ್ರಿಪ್ಪರ್ ಮೊದಲು, ಎಂಇಇ ಆಮೇಲೆ, ಕೊನೆಗೆ ಉಳಿದ ಉಪ್ಪನ್ನು ಒಣಗಿಸುವ ಎಟಿಎಫ್‌ಡಿ ಎಂಬ ಕ್ರಮ. ಕರಗಿರುವ ಉಪ್ಪು ನೀರಿನ ಅಣುಗಳನ್ನು ತನ್ನತ್ತ ಹಿಡಿದಿಟ್ಟುಕೊಳ್ಳುವುದರಿಂದ ಅಸಿಟೋನಿನಂಥವು ಸಿಹಿನೀರಿಗಿಂತ ಉಪ್ಪುನೀರಿನಿಂದ ಸುಲಭವಾಗಿ ಬಿಟ್ಟುಬರುತ್ತವೆ. ಹಾಗಾಗಿ ಎತ್ತರ ಕಡಿಮೆಯಿದ್ದರೂ ಈ ಕಾಲಮ್ ನಮಗೆ ಸಾಕಾಗಿದೆ. ಆದರೆ 153 ಡಿಗ್ರಿಯಲ್ಲಿ ಕುದಿಯುವ ಡಿಎಂಎಫ್ ಎಂಬ ದ್ರಾವಕ ಇರುವ ನೀರನ್ನು ಇದಕ್ಕೆ ಹಾಕಿ ಪ್ರಯೋಜನವಿಲ್ಲ, ಅದು ನೀರಿನ ಜೊತೆ ತಳಕ್ಕೇ ಇಳಿಯುತ್ತದೆ.

ಕೊಳ್ಳುವವರು ಹೆಚ್ಚು ಸಮಯ ಕೊಡಬೇಕಾದದ್ದು ಲೋಹದ ವಿಷಯಕ್ಕೆ. ಬಿಸಿ ಕ್ಲೋರೈಡ್ ನೀರಿನಲ್ಲಿ, ಸುಮಾರು 60 ಡಿಗ್ರಿ ದಾಟಿದ ಮೇಲೆ, 304 ಮತ್ತು 316 ಎರಡೂ ಬಗೆಯ ಸ್ಟೇನ್‌ಲೆಸ್ ಸ್ಟೀಲ್ ಬೆಸುಗೆಯ ಆಸುಪಾಸಿನಲ್ಲಿ ಬಿರುಕು ಬಿಡಬಹುದು. ಈ ಕಾಲಮನ್ನು ಮಾಡಿಸಿದವರು ತಿಳಿದವರೇ ಇರಬೇಕು: ಉಪ್ಪು ತಾಗದ ಮೇಲ್ಭಾಗಕ್ಕೆ 316ಎಲ್ ಬಳಸಿ, ಫೀಡ್ (ಒಳಬರುವ ನೀರು) ಬೀಳುವಲ್ಲಿಂದ ಕೆಳಗೆ ಇಂಥ ಬಿರುಕನ್ನು ಹೆಚ್ಚು ತಾಳುವ 2205 ಡ್ಯೂಪ್ಲೆಕ್ಸ್ ಸ್ಟೀಲ್ ಹಾಕಿಸಿ, ಆ ಭಾಗಕ್ಕೆ ಸೆರಾಮಿಕ್ ಸ್ಯಾಡಲ್‌ಗಳನ್ನು (ನೀರು, ಉಗಿ ಚೆನ್ನಾಗಿ ತಾಗುವಂತೆ ಹಾಕುವ ಬಾಗಿದ ತುಣುಕುಗಳು) ತುಂಬಿಸಿದ್ದರು. ವ್ಯಾಪಾರಿ ಮಾತ್ರ ಲೋಹದ ಪ್ರಮಾಣಪತ್ರವಿಲ್ಲದೆ ಎಲ್ಲವೂ ಡ್ಯೂಪ್ಲೆಕ್ಸ್ ಎಂದೇ ಮಾರಿದರು. ಲೋಹದ ಬಗೆ ಗುರುತಿಸುವ ಪಿಎಂಐ ಗನ್ ಹಿಡಿದು ನೋಡಿದಾಗ ತಳದ ಒಂದು ನಾಜಲ್ (ಪೈಪ್ ಜೋಡಿಸುವ ಬಾಯಿ) 304 ಎಂದು ತೋರಿಸಿತು, ಅದನ್ನು ಕತ್ತರಿಸಿ ಬದಲಿಸಬೇಕಾಯಿತು. ಘಾಟಿ ರಸ್ತೆಯ ಕುಲುಕಾಟಕ್ಕೆ ಒಡೆದ ಸ್ಯಾಡಲ್‌ಗಳ ಚೂರುಗಳು ಸಪೋರ್ಟ್ ಗ್ರಿಡ್ ಮುಚ್ಚಿಕೊಂಡಿದ್ದವು, ಆದ್ದರಿಂದ ಸ್ಯಾಡಲ್‌ಗಳನ್ನು ಚೀಲಗಳಲ್ಲಿ ಬೇರೆಯಾಗಿ ತರಿಸಿಕೊಳ್ಳುವುದು ಒಳ್ಳೆಯದು. ಹೈಡ್ರೋ ಟೆಸ್ಟ್‌ಗೆ (ನೀರು ತುಂಬಿ ಒತ್ತಡ ಕೊಟ್ಟು ನೋಡುವ ಪರೀಕ್ಷೆ) ಕಡಲ ಸಮೀಪದ ಬೋರ್‌ವೆಲ್ ನೀರನ್ನು ಬಳಸಬಾರದು; ಕ್ಲೋರೈಡ್ 50 ಪಿಪಿಎಂಗಿಂತ ಕಡಿಮೆ ಇರುವ ನೀರು ಬೇಕು, ಪರೀಕ್ಷೆ ಮುಗಿದ ಕೂಡಲೇ ಅದನ್ನು ಬಸಿದು ಒಣಗಿಸಬೇಕು.

ಕಂಡೆನ್ಸರ್‌ನ ಕೊರತೆಗೆ ನಮ್ಮ ಹವೆಯೇ ಕಾರಣ. ಒಣಹವೆಯ ಊರಿನಲ್ಲಿ ಕೂಲಿಂಗ್ ಟವರ್ ನೀರು ಚೆನ್ನಾಗಿ ತಣಿಯುತ್ತದೆ. ಇಲ್ಲಿ ಏಪ್ರಿಲ್, ಮೇ ತಿಂಗಳ ಸೆಕೆಗೆ ಅದು 31–32 ಡಿಗ್ರಿಗಿಂತ ಕೆಳಗಿಳಿಯುವುದು ಕಷ್ಟ. 64.7 ಡಿಗ್ರಿಯಲ್ಲಿ ಕುದಿಯುವ ಮೆಥನಾಲ್ ಹೇಗೋ ಹಿಡಿತಕ್ಕೆ ಬರುತ್ತದೆ, 56 ಡಿಗ್ರಿಯ ಅಸಿಟೋನ್ ವೆಂಟ್‌ನಿಂದ (ಗಾಳಿ ಹೊರಹೋಗುವ ಪೈಪ್) ತಪ್ಪಿಸಿಕೊಳ್ಳುತ್ತದೆ. ಚಿಲ್ಡ್ ವಾಟರಿನ ವೆಂಟ್ ಕಂಡೆನ್ಸರ್ ಜೋಡಿಸಿದ ಮೇಲೆಯೇ ಅಂಗಳದಲ್ಲಿ ವಾಸನೆ ನಿಂತದ್ದು. 40 ಡಿಗ್ರಿಗೇ ಕುದಿಯುವ ಡೈಕ್ಲೋರೋಮೀಥೇನ್ ಇರುವವರು ಇದಿಲ್ಲದೆ ಕಾಲಮ್ ಓಡಿಸುವ ಯೋಚನೆಯನ್ನೇ ಮಾಡಬಾರದು.

ಇಡೀ ಸರಂಜಾಮಿನಲ್ಲಿ ನಿಜವಾಗಿ ಬೆಲೆ ಬಾಳುವುದು ಫೀಡನ್ನು ಮೊದಲೇ ಕಾಯಿಸುವ ಟೈಟಾನಿಯಂ ಪ್ಲೇಟುಗಳ ಪ್ರಿಹೀಟರ್. ಈ ಕಾಲಮ್‌ಗೆ ರೀಬಾಯ್ಲರ್ (ತಳದ ನೀರನ್ನು ಕುದಿಸುವ ಸಾಧನ) ಇಲ್ಲ, ಉಗಿ ನೇರವಾಗಿ ಒಳಗೆ ಹೋಗುತ್ತದೆ. 30 ಡಿಗ್ರಿಯ ಒಂದು ಟನ್ ನೀರನ್ನು 100ಕ್ಕೆ ಏರಿಸುವಷ್ಟರಲ್ಲೇ ಸುಮಾರು 130 ಕೆ.ಜಿ. ಉಗಿ ನೀರಾಗಿ ಸೇರಿಕೊಳ್ಳುತ್ತದೆ, ಆ ಹೊರೆಯನ್ನು ಎಂಇಇಯೇ ಹೊರಬೇಕು. ತಳದಿಂದ ಹೊರಡುವ ಬಿಸಿ ನೀರಿನಿಂದ ಫೀಡನ್ನು ಕಾಯಿಸಿಕೊಂಡರೆ ಅದರಲ್ಲಿ ದೊಡ್ಡ ಪಾಲು ಉಳಿಯುತ್ತದೆ. ನಮಗೆ ಬಂದಾಗ ಪ್ಲೇಟುಗಳ ಮೇಲೆ ಕ್ಯಾಲ್ಸಿಯಂ ಸಲ್ಫೇಟ್ ಗಟ್ಟಿಯಾಗಿ ಕಟ್ಟಿಕೊಂಡಿತ್ತು, ಆಸಿಡ್‌ಗೆ ಜಗ್ಗಲಿಲ್ಲ, ಬಿಚ್ಚಿ ತೆಗೆಯಬೇಕಾಯಿತು. ಗ್ಯಾಸ್ಕೆಟ್‌ಗಳನ್ನೂ ಹೊಸದಾಗಿ ಹಾಕಿಸಿದೆವು.

ದುರಸ್ತಿ, ಸಾಗಣೆ, ಹೊಸ ವೆಂಟ್ ಕಂಡೆನ್ಸರ್ ಎಲ್ಲ ಸೇರಿದರೂ ಹೊಸದರ ಬೆಲೆಯ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ತಗಲಿದೆ. ಇಂಥದ್ದನ್ನು ತರಿಸುವವರು ಕಂಡೆನ್ಸರ್ ಮತ್ತು ಮೈಲ್ಡ್ ಸ್ಟೀಲ್ ಏಣಿ, ಕಟ್ಟೆಗಳನ್ನು ಬೇಡವೆಂದು ಹೇಳಿ ಆ ಮಟ್ಟಿಗೆ ಬೆಲೆ ಇಳಿಸಿಕೊಳ್ಳಲಿ; ಕಡಲ ಗಾಳಿಗೆ ಆ ಏಣಿ ಮೊದಲ ಮಳೆಯಲ್ಲೇ ತುಕ್ಕು ಹಿಡಿದಿತ್ತು, ಈಗ ಗ್ಯಾಲ್ವನೈಸ್ ಮಾಡಿಸಿದ್ದನ್ನು ನಿಲ್ಲಿಸಿದ್ದೇವೆ.