ದೇವದಾಸನೋ ಹೀತ್‌ಕ್ಲಿಫ್ಫೋ: ಮೊದಲು ಯಾವುದು?

ಚಿಕ್ಕಂದಿನಿಂದ ಜೊತೆಗೆ ಬೆಳೆದು, ಪ್ರೀತಿಸಿ, ಕೊನೆಗೆ ಒಂದಾಗದವರ ಹಳೇ ಕಾಲದ ಕಥೆ ಬೇಕಾ? ಶರತ್‌ಚಂದ್ರರ ಬಂಗಾಳಿ ಕಾದಂಬರಿ 'ದೇವದಾಸ್' (1917) ಇದೆ, ಹೀತ್‌ಕ್ಲಿಫ್ ನಾಯಕನಾಗಿರುವ ಎಮಿಲಿ ಬ್ರಾಂಟೆಯ ಇಂಗ್ಲಿಷ್ ಕಾದಂಬರಿ 'ವುದರಿಂಗ್ ಹೈಟ್ಸ್' (1847) ಇದೆ.

ಸಮಯ ಕಡಿಮೆ ಇದ್ದರೆ ದೇವದಾಸ್. ಪುಟ್ಟ ಪುಸ್ತಕ, ಎರಡು ಮೂರು ಸಂಜೆಗೆ ಮುಗಿಯುತ್ತದೆ. ಸಿನಿಮಾ ನೋಡಿದ್ದೇನೆ, ಸಾಕು ಅನ್ನಬೇಡಿ. ದೇವದಾಸನ ಬಾಲ್ಯದ ಗೆಳತಿ ಪಾರ್ವತಿ ನಡುರಾತ್ರಿ ಒಬ್ಬಳೇ ಅವನ ಕೋಣೆಗೆ ಬಂದು ಮನಸ್ಸು ಬಿಚ್ಚಿಡುವುದು, ಅವನು ಮನೆಯವರನ್ನು ಎದುರಿಸಲಾಗದೆ ಕಲ್ಕತ್ತೆಗೆ ಹೋಗಿ ಕಾಗದ ಬರೆಯುವುದು, ಆಮೇಲೆ ಗಾಳದ ಕೋಲಿನಿಂದ ಅವಳ ಹಣೆಗೇ ಹೊಡೆಯುವುದು, ಇದನ್ನೆಲ್ಲ ಓದುವಾಗ ಹೊಟ್ಟೆ ಉರಿಯುತ್ತದೆ. ದೇವದಾಸ ಹೇಡಿ ಅಂತ ಬೈಯುವ ಓದುಗರಿದ್ದಾರೆ. ನನಗೂ ಸಿಟ್ಟು ಬಂದಿತ್ತು. ಆದರೂ ಪಾರ್ವತಿಗಾಗಿ ಮತ್ತೆ ಓದಿದ್ದೇನೆ.

ವುದರಿಂಗ್ ಹೈಟ್ಸ್ ಅಷ್ಟು ಸಲೀಸಲ್ಲ. ಯಾರ್ಕ್‌ಷೈರಿನ ಗಾಳಿ ಬಡಿಯುವ ಬಯಲು, ಎರಡು ತಲೆಮಾರು, ತಾಯಿಗೂ ಮಗಳಿಗೂ ಕ್ಯಾಥರೀನ್ ಅನ್ನೋ ಒಂದೇ ಹೆಸರು. ಪಕ್ಕದಲ್ಲಿ ಒಂದು ವಂಶವೃಕ್ಷ ಬರೆದಿಟ್ಟುಕೊಳ್ಳಿ, ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಪ್ರೇಮಕಥೆ ಅಂತ ಹಿಡಿದವರು ಹೀತ್‌ಕ್ಲಿಫ್‌ನ ಕ್ರೌರ್ಯ ನೋಡಿ ಅರ್ಧಕ್ಕೇ ಬಿಡುವುದುಂಟು. ಅವನು ಪ್ರೀತಿಸಿದ ತಾಯಿ ಕ್ಯಾಥರೀನ್ ಕಥೆಯ ನಡುವೆಯೇ ಸಾಯುತ್ತಾಳೆ, ಮುಂದಿನದೆಲ್ಲ ಅವನ ಸೇಡು. ನನ್ನನ್ನು ಹಿಡಿದಿಟ್ಟಿದ್ದು ಅದೇ ಭಾಗ. ದೇವದಾಸ ನೋವಿನಲ್ಲಿ ತನ್ನನ್ನೇ ಸುಟ್ಟುಕೊಳ್ಳುತ್ತಾನೆ, ಇವನು ಸುತ್ತಲಿನವರನ್ನೆಲ್ಲ ಸುಡುತ್ತಾನೆ.

ಅಳಬೇಕು ಅನಿಸಿದರೆ ದೇವದಾಸ್ ತಗೊಳ್ಳಿ. ಕೊನೆಯಲ್ಲಿ ಸ್ವಲ್ಪ ಬೆಳಕು ಬೇಕಿದ್ದರೆ ಇನ್ನೊಂದು, ಅಲ್ಲಿ ಮುಂದಿನ ತಲೆಮಾರಿನವರಾದರೂ ಒಂದಾಗುತ್ತಾರೆ.