ನಾರಾದ ಹೆಯ್ಜೊ ಅರಮನೆ: ಕಟ್ಟಿದ್ದು ಸ್ವಲ್ಪ, ಬಿಟ್ಟದ್ದು ಬಹಳ

ಜಪಾನಿನ ನಾರಾಕ್ಕೆ ಹೋದವರು ತೋದಾಯ್‌ಜಿಯ ದೊಡ್ಡ ಬುದ್ಧನನ್ನೂ ಜಿಂಕೆಗಳನ್ನೂ ನೋಡಿ ಮರಳುವುದು ರೂಢಿ. ಸಾಗರದಿಂದ ಒಸಾಕಾದ ಮಗಳ ಮನೆಗೆ ಹೋಗಿದ್ದ ನಾವು ಒಂದು ಅರ್ಧ ದಿನವನ್ನು ಹೆಯ್ಜೊ ಅರಮನೆಯ ನೆಲೆಗೆ ಮೀಸಲಿಟ್ಟೆವು. ಯಮಾತೊ-ಸಾಯ್ದಾಯ್‌ಜಿ ನಿಲ್ದಾಣದಿಂದ ನಡೆದೇ ಹೋಗಬಹುದು, ಪ್ರವೇಶಕ್ಕೆ ಶುಲ್ಕವಿಲ್ಲ, ಸೋಮವಾರಗಳಂದು ಒಳಾಂಗಣಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ.

ಕ್ರಿ.ಶ. 710ರಲ್ಲಿ ರಾಜಧಾನಿಯಾದ ಹೆಯ್ಜೊ, 784ರಲ್ಲಿ ರಾಜಧಾನಿ ನಾಗಾಒಕಕ್ಕೆ ಹೋದ ಮೇಲೆ ಕ್ರಮೇಣ ಬತ್ತದ ಗದ್ದೆಯಾಯಿತು. ಕೆಳದಿ, ಇಕ್ಕೇರಿ, ಬಿದನೂರು ಎಂದು ರಾಜಧಾನಿ ಸರಿದದ್ದನ್ನು ಬಲ್ಲ ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈಗ ಅಲ್ಲಿ ಎದ್ದು ನಿಂತಿರುವ ಸುಜಾಕು ಮಹಾದ್ವಾರವನ್ನು 1998ರಲ್ಲಿಯೂ, ಪಟ್ಟದ ಸಭಾಭವನವಾದ ದಾಯ್ಗೊಕುದೆನ್ನನ್ನು 2010ರಲ್ಲಿಯೂ ಪೂರ್ಣಗೊಳಿಸಿದರು. ಮೂಲ ಕಟ್ಟಡದ ನಕ್ಷೆ ಉಳಿದಿರಲಿಲ್ಲವಾದ್ದರಿಂದ ಅಗೆತದಲ್ಲಿ ಸಿಕ್ಕ ತಳಪಾಯವನ್ನೂ, ಹೋರ್ಯೂಜಿ ಮತ್ತು ಯಾಕುಷಿಜಿ ಬೌದ್ಧ ದೇವಾಲಯಗಳಲ್ಲಿ ಉಳಿದಿರುವ ಪ್ರಾಚೀನ ಮರಗೆಲಸವನ್ನೂ ಆಧರಿಸಿ ವಿನ್ಯಾಸ ಮಾಡಿದ್ದಾರೆ. ಸಭಾಭವನದ ಅಗಲ ಸುಮಾರು 44 ಮೀಟರ್, ಎತ್ತರ 27 ಮೀಟರ್. ಕೆಂಪು ಬಳಿದ ಹಿನೋಕಿ ಮರದ ದಪ್ಪ ಕಂಬಗಳ ನಡುವೆ ನಿಂತಾಗ, ಜಗಲಿಯ ಕಂಬ ತಟ್ಟಿ ನೋಡಿ ಬೆಳೆದ ನಮ್ಮಂಥವರಿಗೆ ಕೈ ಸುಮ್ಮನಿರುವುದಿಲ್ಲ. ಇವೆಲ್ಲವುಗಳ ಕೆಳಗೆ, ಕಲ್ಲಿನ ಜಗತಿಯೊಳಗೆ, ಭೂಕಂಪದ ಅಲುಗಾಟವನ್ನು ತಗ್ಗಿಸುವ ಆಧುನಿಕ ಸಾಧನಗಳನ್ನು ಅಡಗಿಸಿದ್ದಾರೆ. ಹಾಗಾಗಿ ಇದನ್ನು ಹಳೆಯ ಅರಮನೆ ಎಂದುಕೊಂಡು ನೋಡುವುದಕ್ಕಿಂತ, ಹಳೆಯದರ ಬಗೆಗೆ ಎಚ್ಚರದಿಂದ ಮಾಡಿದ ಊಹೆ ಎಂದು ನೋಡುವುದು ನ್ಯಾಯ.

ನನಗೆ ಹೆಚ್ಚು ಹಿಡಿಸಿದ್ದು ಕಟ್ಟದೆ ಬಿಟ್ಟ ಭಾಗ. ಚಕ್ರವರ್ತಿಯ ವಾಸಸ್ಥಾನವಿದ್ದಲ್ಲಿ ಗೋಡೆ ಎಬ್ಬಿಸದೆ, ಒಂದೊಂದು ಕಂಬದ ಜಾಗದಲ್ಲಿ ಗಿಡ ನೆಟ್ಟು ಅದನ್ನು ಕಂಬದಂತೆ ದುಂಡಗೆ ಕತ್ತರಿಸಿದ್ದಾರೆ. ಸಾಲುಗಳ ನಡುವೆ ಅಡ್ಡಾಡಿದರೆ ಕೋಣೆಗಳ ಅಳತೆ ಕಾಲಿಗೇ ತಿಳಿಯುತ್ತದೆ. ನಗರದ, ಅಂದರೆ ಹಳೆಯ ಬಿದನೂರಿನ, ಕೋಟೆಯಲ್ಲಿ ಅರಮನೆಯ ತಳಕಟ್ಟಿನ ಮೇಲೆ ನಿಂತು, ದರ್ಬಾರು ಎಲ್ಲಿ ನಡೆಯುತ್ತಿತ್ತೋ ಎಂದು ತಡಕಾಡಿದವರಿಗೆ ಈ ಉಪಾಯದ ಬೆಲೆ ಗೊತ್ತಾದೀತು. ನಮ್ಮಲ್ಲಿಯೂ ಹೀಗೆ ಮಾಡಬಹುದಲ್ಲ ಎಂದು ನನ್ನ ಯಜಮಾನರು ಅಂದರು. ಮಲೆನಾಡಿನ ಮಳೆಯಲ್ಲಿ ಆ ಗಿಡಗಳನ್ನು ಕಂಬದ ಆಕಾರದಲ್ಲಿ ಉಳಿಸಿಕೊಳ್ಳುವವರು ಯಾರು ಎಂಬುದು ನನ್ನ ಪ್ರಶ್ನೆಯಾಗಿತ್ತು.

ಆವರಣದ ವಸ್ತುಸಂಗ್ರಹಾಲಯವನ್ನು ತಪ್ಪಿಸಬಾರದು. ಮಣ್ಣಿನಡಿಯ ತೇವದಲ್ಲಿ ಕೊಳೆಯದೆ ಉಳಿದ ಮೊಕ್ಕಾನ್ ಎಂಬ ಮರದ ಪಟ್ಟಿಗಳಲ್ಲಿ, ತೆರಿಗೆಯಾಗಿ ಬಂದ ಉಪ್ಪು, ಅಕ್ಕಿ, ಕಡಲಕಳೆಗಳ ಲೆಕ್ಕವನ್ನು ಮಸಿಯಲ್ಲಿ ಬರೆದಿದ್ದಾರೆ. ಅರಮನೆಯಲ್ಲಿ ಸಾಮಾನು ಇಳಿಸಿಕೊಳ್ಳುತ್ತಿದ್ದವರ ದಿನಚರಿ ಕಣ್ಣಿಗೆ ಕಟ್ಟುವುದು ಕೆಂಪು ಕಂಬಗಳ ಮುಂದೆ ಅಲ್ಲ, ಇಲ್ಲಿಯೇ.

ಬಯಲು ಬಹು ವಿಶಾಲ, ಮರದ ನೆರಳು ಕಡಿಮೆ; ಕೊಡೆಯನ್ನು ಮನೆಯಲ್ಲಿ ಬಿಟ್ಟು ಹೋದ ನಾವು ಬಿಸಿಲಿಗೆ ಸೋತೆವು. ಮಹಾದ್ವಾರಕ್ಕೂ ಸಭಾಭವನಕ್ಕೂ ನಡುವೆ, ಅರಮನೆಯ ನೆಲದ ಮೇಲೆಯೇ, ಕಿಂತೆತ್ಸು ರೈಲಿನ ಹಳಿ ಹಾದುಹೋಗುತ್ತದೆ. ಗೇಟು ಹಾಕಿದಾಗ ಬೇಸರಪಡದೆ ದಕ್ಷಿಣದ ಬದಿಯಲ್ಲಿ ನಿಲ್ಲಿ. ರೈಲು ದಾಟಿದ ಬಳಿಕ ಸಭಾಭವನದ ದಿಕ್ಕಿನ ನೋಟ ಒಮ್ಮೆಲೇ ಎದುರಿಗೆ ತೆರೆದುಕೊಳ್ಳುತ್ತದೆ.